ಗುಡ್ಡವೇ ಎತ್ತರ ಇರುವಾಗ ಅದರ ಮೇಲೆ ಹುಡೇವು ಯಾಕೆ?

ಪ್ರಶ್ನೆ: ನಮ್ಮದು ಗಜೇಂದ್ರಗಡದ ಕಡೆಯ ಸಣ್ಣ ಹಳ್ಳಿ. ಊರ ಹಿಂದಿನ ಗುಡ್ಡದ ತುದಿಗೆ ಕಲ್ಲಿನ ದುಂಡನೆಯ ಕಟ್ಟಡ ಒಂದಿದೆ. ಅರ್ಧ ಬಿದ್ದಿದೆ. ಹಿರಿಯರು ಅದನ್ನು ಹುಡೇವು ಅಂತಾರೆ. ಅದರ ಮೇಲೆ ಎಂಟು ಮಂದಿ ನಿಲ್ಲುವುದೂ ಕಷ್ಟ. ಇಷ್ಟು ಜನ ಒಂದು ದಂಡನ್ನು ಹೇಗೆ ತಡೆದಾರು? ಗುಡ್ಡವೇ ಅಷ್ಟು ಎತ್ತರ ಇರುವಾಗ ಅದರ ಮೇಲೆ ಮತ್ತೊಂದು ಗೋಪುರ ಯಾಕೆ ಬೇಕಿತ್ತು?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಯಾಕಂದರೆ ಅದಕ್ಕೆ ನಾನೂ ಬಹಳ ವರ್ಷ ತಪ್ಪು ಉತ್ತರ ಹೇಳಿಕೊಂಡು ತಿರುಗಿದ್ದೇನೆ. ‘ದೂರ ಕಾಣಲಿ ಅಂತ ಕಟ್ಟಿದ್ದು’ ಅನ್ನುತ್ತಿದ್ದೆ. ಕೇಳಿದವರು ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು. ಒಂದು ಸಂಜೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನ ಉತ್ತರ ಅಲ್ಲೇ ಬಿದ್ದುಹೋಯಿತು.

ಲೆಕ್ಕ ಸುಲಭ. ಕಣ್ಣು ನೆಲದಿಂದ ಎಷ್ಟು ಮೀಟರ್ ಮೇಲಿದೆ ನೋಡಿ, ಅದರ ವರ್ಗಮೂಲ ತೆಗೆಯಿರಿ, 3.57ರಿಂದ ಗುಣಿಸಿ. ಎಷ್ಟು ಕಿಲೋಮೀಟರ್ ದೂರದ ನೆಲ ಕಾಣುತ್ತದೆ ಅನ್ನುವುದು ಸಿಗುತ್ತದೆ. ಬಯಲಲ್ಲಿ ನಿಂತವನ ಕಣ್ಣು ಸುಮಾರು 1.6 ಮೀಟರ್ ಮೇಲಿರುತ್ತದೆ. ಅವನಿಗೆ ನಾಲ್ಕೂವರೆ ಕಿಲೋಮೀಟರ್ ಕಂಡೀತು. ಅವನನ್ನೇ 10 ಮೀಟರಿನ ಹುಡೇವಿನ ಮೇಲೆ ಹತ್ತಿಸಿ, 12 ಕಿಲೋಮೀಟರ್ ಕಾಣುತ್ತದೆ. ಎರಡೂವರೆ ಪಟ್ಟಿಗಿಂತ ಜಾಸ್ತಿ! ಈಗ ಗುಡ್ಡಕ್ಕೆ ಬನ್ನಿ. ಬಯಲಿನಿಂದ 150 ಮೀಟರ್ ಎದ್ದ ಗುಡ್ಡದ ತುದಿಗೆ ಸುಮ್ನೆ ನಿಂತರೂ 44 ಕಿಲೋಮೀಟರ್ ಸಿಗುತ್ತದೆ. ಅಲ್ಲಿ 10 ಮೀಟರಿನ ಗೋಪುರ ಕಟ್ಟಿ ಹತ್ತಿದರೆ 45 ಚಿಲ್ಲರೆ. ಅಷ್ಟು ಕಲ್ಲು ಹೊತ್ತು, ಸುಣ್ಣ ಹೊತ್ತು, ಗಾರೆ ಕಲಸಲು ನೀರು ಹೊತ್ತು ಗಳಿಸಿದ್ದು ಒಂದೂವರೆ ಕಿಲೋಮೀಟರ್. ನಮ್ಮ ಹಿರಿಯರು ಅಷ್ಟು ದಡ್ಡರಿರಲಿಲ್ಲ ಅಲ್ವಾ?

ಸರಿಯಾದ ಉತ್ತರ ನನಗೆ ಸಿಕ್ಕಿದ್ದು ನಿಮ್ಮ ಕಡೆಯ ಗುಡ್ಡಸಾಲಿನಲ್ಲೇ, ಕುರಿ ಕಾಯುವ ಒಬ್ಬ ಅಜ್ಜನಿಂದ. ಬೇಸಿಗೆ, ಬೆಳಗಿನ ಒಂಬತ್ತು ಗಂಟೆ. ಗುಡ್ಡದ ನೆತ್ತಿ ಅಂಗಳದಂತೆ ಚಪ್ಪಟೆ. ಅಂಚಿನಿಂದ ಹತ್ತು ಹದಿನೈದು ಹೆಜ್ಜೆ ಒಳಗೆ ಒಂದು ಮೋಟು ಹುಡೇವು. ನಾನು ಅದರ ಬುಡದಲ್ಲಿ ನಿಂತು ಅಳತೆ ಪಟ್ಟಿ ಎಳೆಯುತ್ತಿದ್ದೆ. ಅಜ್ಜ ಹುಡೇವಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಒಂದು ರಾಶಿ ಸಣ್ಣ ಕಲ್ಲು. ಆಗಾಗ ಒಂದೊಂದು ಕಲ್ಲು ತೆಗೆದು ಕವಣೆಗೆ ಹಾಕಿ ಬೀಸುತ್ತಿದ್ದ. ಕಲ್ಲು ಅಂಚು ದಾಟಿ ಕೆಳಗೆಲ್ಲೋ ಬೀಳುತ್ತಿತ್ತು. ಎದುರಿಗೆ ಮೂವತ್ತು ಕಿಲೋಮೀಟರ್ ಬಯಲು ಕಾಣುತ್ತಿತ್ತು, ಆದರೆ ಒಂದು ಕುರಿಯೂ ಇರಲಿಲ್ಲ.

“ಅಜ್ಜಾ, ಕುರಿ ಎಲ್ಲಿ ಅದಾವು?” ಅಂದೆ.

“ಅಲ್ಲಿ ನಿಂತ್ರ ಏನ್ ಕಾಣ್ತೈತ್ರಿ? ಮ್ಯಾಲ ಹತ್ತಿ ಬರ್ರಿ.”

ಹತ್ತಿದೆ. ಅಂಚಿನ ಆಚೆ, ಇಳಿಜಾರಿನ ಮೇಲೆ, ನಮ್ಮ ಕಾಲ ಕೆಳಗೇ ಅನ್ನುವಷ್ಟು ಹತ್ತಿರದಲ್ಲಿ ಅರವತ್ತು ಎಪ್ಪತ್ತು ಕುರಿ ಮೇಯುತ್ತಿದ್ದವು. ಅವುಗಳ ನಡುವೆ ಅವನ ಮೊಮ್ಮಗ ಒಂದು ಬಂಡೆಗೆ ಒರಗಿ ಮಲಗಿದ್ದ. ಇಳಿದೆ. ಎಲ್ಲ ಮಾಯ. ಮತ್ತೆ ಹತ್ತಿದೆ. ಎಲ್ಲ ಹಾಜರು. ಅಜ್ಜನಿಗೆ ನಗು ತಡೆಯಲಾಗಲಿಲ್ಲ. ಈ ಮನುಷ್ಯ ಇಷ್ಟು ಓದಿ ಒಂದು ಹುಡೇವು ಹತ್ತಿ ಇಳಿಯುತ್ತಿದ್ದಾನಲ್ಲ ಅಂತ ಅನಿಸಿರಬೇಕು.

ದೀಪದ ಬುಡದಲ್ಲಿ ಕತ್ತಲು ಅನ್ನುತ್ತೇವಲ್ಲ, ಗುಡ್ಡದ ಕಥೆ ಅದೇ. ತುದಿಗೆ ನಿಂತವನಿಗೆ ದೂರದ ಊರು, ಕೆರೆ, ದಾರಿ ಎಲ್ಲ ಕಾಣುತ್ತದೆ. ತನ್ನದೇ ಗುಡ್ಡದ ಮೈ ಕಾಣುವುದಿಲ್ಲ. ಶತ್ರು ರಾತ್ರಿ ಬುಡಕ್ಕೆ ಬಂದು ಸೇರಿಬಿಟ್ಟರೆ ಮುಗಿಯಿತು, ಬೆಳಿಗ್ಗೆ ಅವನು ಅಂಚಿಗೆ ಕೈ ಹಾಕುವವರೆಗೂ ಗೊತ್ತಾಗುವುದಿಲ್ಲ. ಅಂಚಿಗೇ ಹೋಗಿ ಬಗ್ಗಿ ನೋಡಬಹುದು, ನಿಜ. ಆದರೆ ಬಗ್ಗಿದವನ ತಲೆ ಆಕಾಶದ ಮುಂದೆ ಮಡಕೆಯಂತೆ ಎದ್ದು ಕಾಣುತ್ತದೆ. ಕೆಳಗಿನವನಿಗೆ ಅದಕ್ಕಿಂತ ಒಳ್ಳೆ ಗುರಿ ಬೇಕಾ?

ಹುಡೇವು ಈ ಕತ್ತಲನ್ನು ಕಳೆಯುತ್ತದೆ. ಅಂಚಿನಿಂದ ಎಷ್ಟು ದೂರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ನಿಮ್ಮ ಕಣ್ಣಿದ್ದರೆ 45 ಡಿಗ್ರಿಯ ಇಳಿಜಾರು ಪೂರ್ತಿ ಬಯಲಾಗುತ್ತದೆ. ಅಂದರೆ 10 ಮೀಟರ್ ಎತ್ತರದ ಗೋಪುರವನ್ನು ಅಂಚಿನಿಂದ 10 ಮೀಟರ್ ಒಳಗೆ ಕಟ್ಟಿದರೆ ಸಾಕು. ಹಾಗಾಗಿ ಹುಡೇವು ಗುಡ್ಡದ ನಟ್ಟನಡುವಿನ ಶಿಖರದಲ್ಲಿ ಇರುವುದು ಅಪರೂಪ. ಅದು ಒಂದು ಮಗ್ಗುಲಿಗೆ, ಹತ್ತುವ ದಾರಿಯ ಕಡೆಗೆ ಸರಿದು ನಿಂತಿರುತ್ತದೆ. ನಿಮ್ಮೂರಿನದೂ ಹಾಗೇ ಇರಬಹುದು, ನೋಡಿ.

ಒಟ್ಟಿನಲ್ಲಿ, ಎರೆಭೂಮಿಯ ಬಯಲೂರಿನ ಹುಡೇವು ದೂರ ನೋಡುವುದಕ್ಕೆ, ಗುಡ್ಡದ ಮೇಲಿನದು ಹತ್ತಿರ ನೋಡುವುದಕ್ಕೆ. ಹೆಸರು ಒಂದೇ, ಆಕಾರವೂ ಒಂದೇ, ಕೆಲಸ ಉಲ್ಟಾ.

ಗೋಡೆಯ ಬುಡ ಕಾಣದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 1520ರ ರಾಯಚೂರು ಮುತ್ತಿಗೆಯನ್ನು ನೋಡಿ. ಕೃಷ್ಣದೇವರಾಯನ ಜನ ಹಾರೆ ಗುದ್ದಲಿ ಹಿಡಿದು ಕೋಟೆಗೋಡೆಯ ಬುಡಕ್ಕೇ ಹೋಗಿ ಕಲ್ಲು ಕೀಳುತ್ತಿದ್ದರು. ಒಳಗಿನವರು ಮೇಲಿಂದ ಬಾಣ ಬಿಟ್ಟು, ಕಲ್ಲು ಉರುಳಿಸಿ ಕೊಲ್ಲುತ್ತಿದ್ದರು. ಕಿತ್ತ ಒಂದೊಂದು ಕಲ್ಲಿಗೆ 10ರಿಂದ 50 ಪಣದವರೆಗೂ ಕೊಡುತ್ತಿದ್ದರಂತೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಆಮೇಲೆ ಪೋರ್ಚುಗೀಸ್ ಬಂದೂಕಿನವರು ಕೆಲವರು ಬಂದರು. ಗೋಡೆಯ ಮೇಲಿಂದ ಬಗ್ಗಿದವರನ್ನು ಗುರಿಯಿಟ್ಟು ಹೊಡೆದರು. ಮೇಲಿನವರು ತಲೆ ಎತ್ತುವುದನ್ನೇ ಬಿಟ್ಟರು. ತಲೆ ಎತ್ತದವರಿಗೆ ಬುಡದಲ್ಲಿ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಕಲ್ಲು ಕೀಳುವವರ ಕೆಲಸ ಸಲೀಸಾಯಿತು. ಅಂಥ ಭಾರಿ ಕೋಟೆಗೇ ಈ ಗತಿ.

ದುಂಡಗೆ ಕಟ್ಟಿದ್ದರ ಕಾರಣವೂ ಇಲ್ಲೇ ಇದೆ. ಚೌಕ ಕಟ್ಟಡಕ್ಕೆ ಮೂಲೆ ಇರುತ್ತದೆ. ಮೂಲೆಯ ಹಿಂದೆ ಅಡಗಬಹುದು, ಮೂಲೆಯ ಕಲ್ಲನ್ನು ಎರಡೂ ಕಡೆಯಿಂದ ಮೀಟಿ ಎಬ್ಬಿಸಬಹುದು. ದುಂಡನೆಯದಕ್ಕೆ ಆ ಮರೆ ಇಲ್ಲ. ಕಲ್ಲುಗಳು ಒಂದಕ್ಕೊಂದು ಬಿಗಿದು ಕೂತಿರುತ್ತವೆ. ಬುಡ ಅಗಲ ಮಾಡಿ, ಮೇಲೆ ಹೋದಂತೆ ಸ್ವಲ್ಪ ಒಳಕ್ಕೆ ಎಳೆದು ಕಟ್ಟುತ್ತಿದ್ದರು. ಮೇಲಿಂದ ಬಿಟ್ಟ ಕಲ್ಲು ಆ ಓರೆಗೆ ತಾಗಿ ಹೊರಕ್ಕೆ ಸಿಡಿಯುತ್ತದೆ. ಬುಡದಲ್ಲಿ ನಿಂತವನ ಮೊಣಕಾಲು ಉಳಿಯುವುದಿಲ್ಲ. ಬಾಗಿಲ ವಿಷಯ ಇನ್ನೂ ಮಜಾ. ಎಷ್ಟೋ ಹುಡೇವುಗಳಿಗೆ ನೆಲದ ಮಟ್ಟದಲ್ಲಿ ಬಾಗಿಲೇ ಇಲ್ಲ. ಆಳೆತ್ತರಕ್ಕಿಂತ ಮೇಲೆ ಸಣ್ಣ ಕಿಂಡಿಯಂಥ ಬಾಗಿಲು. ಏಣಿ ಹಚ್ಚಿ ಹತ್ತುವುದು, ಏಣಿ ಒಳಗೆ ಎಳೆದುಕೊಳ್ಳುವುದು. ಅಲ್ಲಿಗೆ ಅದು ಬೀಗ ಹಾಕಿದ ಮನೆ.

ಈಗ ಮೊದಲ ಪ್ರಶ್ನೆ. ಎಂಟು ಜನ ದಂಡನ್ನು ಹೇಗೆ ತಡೆದಾರು? ತಡೆಯುತ್ತಿರಲಿಲ್ಲ. ಅವರಿಂದ ಯಾರೂ ಅದನ್ನು ಬಯಸಿರಲೂ ಇಲ್ಲ. ಅವರು ಊರಿಗೆ ಕೊಡುತ್ತಿದ್ದದ್ದು ಹೊತ್ತು. ಒಂದು ತಾಸು, ಎರಡು ತಾಸು.

ಆ ಕಾಲದಲ್ಲಿ ಸಾಮಾನ್ಯ ಹಳ್ಳಿಗೆ ಬರುತ್ತಿದ್ದ ಶತ್ರು ಯಾರು ಅಂತ ತಿಳಿಯಲು ಹಾವೇರಿ, ಹಾನಗಲ್ಲು, ಗದಗದ ಕಡೆಯ ವೀರಗಲ್ಲುಗಳನ್ನು ನೋಡಬೇಕು. ಶಾಸನಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಬರುತ್ತವೆ. ತುರುಗೊಳ್ ಅಂದರೆ ದನ ಹೊಡೆದುಕೊಂಡು ಹೋಗುವುದು. ಊರಳಿವು ಅಂದರೆ ಊರನ್ನೇ ಹಾಳು ಮಾಡುವುದು. ಪೆಣ್ಬುಯ್ಯಲ್ ಅಂದರೆ ಹೆಣ್ಣುಮಕ್ಕಳ ಕೂಗು, ಅವರ ಮೇಲೆ ಕೈ ಮಾಡಿದಾಗ ಎದ್ದ ಮೊರೆ. ಕಲ್ಲಿನ ಕೆಳಗಿನ ಅಂಕಣದಲ್ಲಿ ದನಗಳ ಸಾಲು, ಅವುಗಳ ಮುಂದೆ ಕತ್ತಿ ಹಿಡಿದ ಒಬ್ಬನೇ ಮನುಷ್ಯ, ಎದುರಿಗೆ ನಾಲ್ಕೈದು ಜನ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಈ ಒಬ್ಬನೇ ಮನುಷ್ಯ ನನ್ನ ಕಣ್ಣಿಗೆ ತಡವಾಗಿ ಸುದ್ದಿ ಸಿಕ್ಕ ಊರಿನವನು. ಒಂದು ತಾಸು ಮೊದಲು ಗೊತ್ತಾಗಿದ್ದರೆ ದನ ಊರೊಳಗೆ ಇರುತ್ತಿದ್ದವು, ಅಗಸಿ ಬಾಗಿಲು ಹಾಕಿರುತ್ತಿತ್ತು, ಅವನೂ ಮುದುಕನಾಗುತ್ತಿದ್ದ.

ಲೆಕ್ಕ ಮಾಡಿ. ಕುದುರೆ ಕುಕ್ಕುಲೋಟದಲ್ಲಿ ಬಂದರೆ ತಾಸಿಗೆ ಹನ್ನೆರಡು ಹದಿಮೂರು ಕಿಲೋಮೀಟರ್. 12 ಕಿಲೋಮೀಟರ್ ದೂರದಲ್ಲಿ ಅವು ಎಬ್ಬಿಸಿದ ಧೂಳು ಕಂಡರೂ ಊರಿಗೆ ಒಂದು ತಾಸು ಸಿಗುತ್ತದೆ. ಅಷ್ಟರಲ್ಲಿ ಅಡವಿಯ ದನ ಕೂಡಿಸಬೇಕು. ಹಗೇವಿನ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ, ಬಾಯಿ ಮುಚ್ಚಿ, ಮೇಲೆ ಮಣ್ಣೆಳೆದು, ಕಸ ಚೆಲ್ಲಿ ಗುರುತು ಅಳಿಸಬೇಕು. ಮಕ್ಕಳು, ಮುದುಕರು ವಾಡೆಗೋ ಹುಡೇವಿಗೋ ಸೇರಬೇಕು. ಕಾಳು ಹಗೇವಿನಲ್ಲಿ, ಜನ ಹುಡೇವಿನಲ್ಲಿ. ಲೂಟಿಗೆ ಬಂದವನಿಗೆ ಹೊತ್ತೇ ಬಂಡವಾಳ. ಅವನು ಮುತ್ತಿಗೆ ಹಾಕಿ ಕೂರುವ ದಂಡಲ್ಲ. ಅರ್ಧ ದಿನದಲ್ಲಿ ಏನೂ ಸಿಗದಿದ್ದರೆ ಮುಂದಿನ ಊರಿಗೆ ಹೋಗುತ್ತಾನೆ. ಮುಂದಿನ ಊರಿನ ಪಾಡು ಅವರದು, ಅದನ್ನೂ ಹೇಳಿಬಿಡಬೇಕು.

ಈ ಕಾವಲು ವರ್ಷವಿಡೀ ಒಂದೇ ಬಿಗಿಯಲ್ಲಿ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಎರೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಅದರಲ್ಲಿ ತೋಪಿನ (ಫಿರಂಗಿಯ) ಗಾಡಿ, ಕುದುರೆ ದಾಟುವುದುಂಟಾ? ದಸರೆಗೆ ಬನ್ನಿ ಕೊಟ್ಟು, ಸೀಮೋಲ್ಲಂಘನ ಮಾಡಿದ ಮೇಲೆ ದಂಡು ಏಳುತ್ತಿತ್ತು. ಆಗ ಹಿಂಗಾರಿ ಜೋಳ ಮೇಲೇಳುವ ಕಾಲ. ಪುಷ್ಯದ ಹೊತ್ತಿಗೆ ಜೋಳ ಆಳೆತ್ತರ ಬೆಳೆದಿರುತ್ತದೆ. ಬಾಗಿ ನಡೆದ ಮನುಷ್ಯ ಅದರಲ್ಲಿ ಮುಳುಗಿಹೋಗುತ್ತಾನೆ, ಕುದುರೆಯದ್ದೂ ಕಿವಿ ಕಂಡರೆ ಹೆಚ್ಚು. ನೆಲದ ಮೇಲಿನ ಕಾವಲುಗಾರನಿಗೆ ಅದು ಗೋಡೆ. ಮೇಲಿಂದ ನೋಡಿದವನಿಗೆ ಜೋಳ ಅಲುಗಾಡುವ ಗೆರೆ ಕಾಣುತ್ತದೆ. ಗಾಳಿಗೆ ಇಡೀ ಹೊಲ ತೂಗುತ್ತದೆ, ಮನುಷ್ಯ ನುಗ್ಗಿದರೆ ಒಂದೇ ಗೆರೆ ಅಲುಗುತ್ತದೆ. ಇಂದಿಗೂ ಹಂದಿ ಕಾಯಲು ಅಟ್ಟಣಿಗೆ ಕಟ್ಟಿ ಕೂರುವ ರೈತರಿಗೆ ಈ ಗೆರೆಯ ಗುರುತು ಚೆನ್ನಾಗಿ ಗೊತ್ತು.

ಸುದ್ದಿ ಕೆಳಗೆ ಮುಟ್ಟಿಸುವುದು ಹೇಗೆ? ಹಗಲು ಹೊಗೆ, ರಾತ್ರಿ ಬೆಂಕಿ, ಹತ್ತಿರದವರಿಗೆ ಕೊಂಬು, ನಗಾರಿ. ಒಣ ಕಟ್ಟಿಗೆಯ ಉರಿಗೆ ಹಸಿ ಸೊಪ್ಪು ಹಾಕಿದರೆ ಬಿಳಿ ಹೊಗೆ ಕಂಬದಂತೆ ಏಳುತ್ತದೆ, ಗಾಳಿ ಇಲ್ಲದಿದ್ದರೆ. ನಿಮ್ಮ ಗುಡ್ಡದ ಮೇಲೆ ಗಾಳಿ ಇಲ್ಲದ ದಿನ ಎಷ್ಟು ಅಂತ ಈಗ ಅಲ್ಲಿ ನಿಂತಿರುವ ಗಾಳಿಯಂತ್ರಗಳನ್ನೇ ಕೇಳಬೇಕು! ಹಾಗಾಗಿ ರಾತ್ರಿಯ ಬೆಂಕಿಯೇ ಜಾಸ್ತಿ ನಂಬಿಕೆಯದು. ನರಗುಂದದ ಗುಡ್ಡ ಬಯಲಿನ ನಡುವೆ ಒಂಟಿಯಾಗಿ ಎದ್ದಿದೆ. ಅಲ್ಲಿಂದ ನವಲಗುಂದ ಸುಮಾರು 20 ಕಿಲೋಮೀಟರ್. ಓಡುವ ಆಳಿಗೆ ಎರಡು ತಾಸಿನ ಮೇಲೆ, ಕುದುರೆಗೆ ಒಂದೂವರೆ ತಾಸು. ಬೆಂಕಿಗೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಆದರೆ ಬೆಂಕಿಗೆ ಮಾತು ಬರುವುದಿಲ್ಲ. ‘ಏನೋ ಬಂತು’ ಅನ್ನುತ್ತದೆ ಅಷ್ಟೇ. ಎಷ್ಟು ಜನ, ಯಾರ ಕಡೆಯವರು, ಇತ್ತ ಬರುತ್ತಾರಾ ಇಲ್ಲವಾ ಅನ್ನುವುದಕ್ಕೆ ಮತ್ತೆ ಓಡುವ ಆಳೇ ಬೇಕು.

ಆ ಆಳುಗಳು ಯಾರು? ನಿಮ್ಮೂರಿನ ಮತದಾರರ ಪಟ್ಟಿ ತೆಗೆದು ಅಡ್ಡಹೆಸರು ಓದಿ. ತಳವಾರ, ವಾಲಿಕಾರ, ಕಿಲ್ಲೇದಾರ, ನಾಯಕವಾಡಿ, ಹುಡೇದ, ಹುಡೇದಮನಿ. ತಳವಾರ, ವಾಲಿಕಾರರು ಊರ ಕಾವಲಿನವರು. ಕಿಲ್ಲೇದಾರ ಕೋಟೆಯ ಉಸ್ತುವಾರಿಯವನು. ಹುಡೇದಮನಿ ಅಂದರೆ ಹುಡೇವಿನ ಮನೆ. ಕಾವಲಿನವರಿಗೆ ಸಂಬಳದ ಬದಲು ಇನಾಮು ಹೊಲ ಇರುತ್ತಿತ್ತು. ಗುಡ್ಡದ ಮೇಲಿನ ಬುತ್ತಿ ರೊಟ್ಟಿ, ಖಾರ, ಉಳ್ಳಾಗಡ್ಡಿ. ನೀರಿನದೇ ಚಿಂತೆ. ಗಜೇಂದ್ರಗಡದ ಗುಡ್ಡದಲ್ಲಿ ಕಾಲಕಾಲೇಶ್ವರನ ಅಂತರಗಂಗೆ ಇದೆ, ಪುಣ್ಯ. ಬೇರೆ ಕಡೆ ಬಂಡೆಯಲ್ಲಿ ಹೊಂಡ ಕಡಿದು ಮಳೆನೀರು ಹಿಡಿಯಬೇಕಿತ್ತು. ಹೊಂಡ ಎಷ್ಟು ದೊಡ್ಡದೋ ಅಷ್ಟು ದಿನದ ಕಾವಲು.

ಗುಡ್ಡದ ಮೇಲಿನ ಕೋಟೆಯನ್ನು ಗೆಲ್ಲುವುದು ಆ ಕಾಲದಲ್ಲಿ ಎಷ್ಟು ದೊಡ್ಡ ಮಾತಾಗಿತ್ತು ಅಂದರೆ, ಹೊಯ್ಸಳ ಇಮ್ಮಡಿ ಬಲ್ಲಾಳ ‘ಗಿರಿದುರ್ಗಮಲ್ಲ’ ಅಂತಲೇ ಬಿರುದು ಹಾಕಿಕೊಂಡ. ಇದೇ ಬಲ್ಲಾಳ ನಿಮ್ಮ ಜಿಲ್ಲೆಯ ಸೊರಟೂರಿನಲ್ಲಿ ದೇವಗಿರಿಯ ಸೇವುಣರ ರಾಜ ಭಿಲ್ಲಮನನ್ನು ಸೋಲಿಸಿ, ಲಕ್ಕುಂಡಿಯಲ್ಲಿ ಬೀಡುಬಿಟ್ಟವನು. ಅದೇ ಗುಡ್ಡದ ಕೋಟೆಯಲ್ಲಿ ಜನ ಇಲ್ಲದಿದ್ದರೆ ಕಥೆ ಬೇರೆ. ನರಗುಂದದ ಕೋಟೆಯನ್ನು 1674ರಲ್ಲಿ ಶಿವಾಜಿ ಕಟ್ಟಿಸಿದ ಅನ್ನುತ್ತಾರೆ. 1785ರಲ್ಲಿ ಟಿಪ್ಪುವಿನ ಸೇನೆ ಅದನ್ನು ತೆಗೆದುಕೊಳ್ಳಲು ಮುತ್ತಿಗೆ ಹಾಕಿ ಕೂರಬೇಕಾಯಿತು. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದಾಗ, ಜೂನ್ ಮೊದಲಿಗೆ ಕರ್ನಲ್ ಮಾಲ್ಕಮ್‌ನ ಪಡೆ ಬಂತು. ಎರಡು ದಿನದೊಳಗೆ ಊರೂ ಹೋಯಿತು, ಕೋಟೆಯೂ ಹೋಯಿತು. ಗುಡ್ಡ ಅದೇ, ಗೋಡೆ ಅದೇ. ಕಾಯಬೇಕಾದವರೇ ಅಲ್ಲಿ ಉಳಿದಿರಲಿಲ್ಲ. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಹೆಸರುಗಳ ಬಗ್ಗೆಯೂ ಒಂದು ಮಾತು. ಹುಡೆ, ಕೊತ್ತಲ ನಮ್ಮವೇ ಹಳೆಯ ಮಾತುಗಳು. ಬುರುಜು ಅರಬಿಯಿಂದ ಬಂತು. ಚಿತ್ರದುರ್ಗದ ಕಡೆ ಬತೇರಿ ಅನ್ನುತ್ತಾರೆ, ಅದು ತೋಪುಗಳ ಕಾಲದ್ದು. ತೋಪಿಗೆಂದೇ ಕಟ್ಟಿದ ಬುರುಜು ಹೇಗಿರುತ್ತದೆ ಅಂತ ನೋಡಬೇಕಾದರೆ ವಿಜಯಪುರದ ಉಪ್ಪಲಿ ಬುರುಜಿಗೆ ಹೋಗಿ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ್ದು, 80 ಅಡಿ ಎತ್ತರ. ಮೆಟ್ಟಿಲು ಹೊರಮೈಯಲ್ಲೇ ಸುತ್ತಿಕೊಂಡು ಮೇಲೇರುತ್ತದೆ. ತುದಿಯಲ್ಲಿ 30 ಅಡಿಯ ಉದ್ದನೆಯ ತೋಪು ಮಲಗಿದೆ. ನಿಮ್ಮೂರ ಹುಡೇವಿನ ಮೇಲೆ ಅಂಥದ್ದನ್ನು ಇಟ್ಟು ಒಂದು ಗುಂಡು ಹೊಡೆದರೆ ಹುಡೇವೇ ಮೊದಲು ಕೆಳಗೆ ಬಂದೀತು.

ನಿಮ್ಮದು ನಿಜಕ್ಕೂ ಹುಡೇವೇನಾ ಅಂತ ನೀವೇ ನೋಡಬಹುದು. ಗುಡ್ಡದ ತುದಿಯ ಪ್ರತಿ ಕಲ್ಲುಗುಡ್ಡೆಯೂ ಹುಡೇವಲ್ಲ. ಬ್ರಿಟಿಷರ ಕಾಲದ ಭೂಮಾಪನದವರು ಎತ್ತರದ ಗುಡ್ಡಗಳ ಮೇಲೆ ಗುರುತಿನ ಕಟ್ಟೆ ಕಟ್ಟಿದ್ದಾರೆ. ಅಲ್ಲಿ ಬಂಡೆಯ ಮೇಲೆ ಒಂದು ಸುತ್ತು, ನಡುವೆ ಒಂದು ಚುಕ್ಕೆ ಕೆತ್ತಿರುತ್ತದೆ. ಅದು ಸಿಕ್ಕರೆ ಕಥೆ ಅಲ್ಲಿಗೆ ಮುಗಿಯಿತು. ಸುಣ್ಣದ ಭಟ್ಟಿಯೂ ದುಂಡಗಿರುತ್ತದೆ, ಆದರೆ ಒಳಗಿನ ಕಲ್ಲು ಸುಟ್ಟು ಕೆಂಪಗೆ, ಕಪ್ಪಗೆ ಆಗಿರುತ್ತದೆ. ಕಾಳಿನ ಕಣಜಕ್ಕೆ ಕಿಂಡಿಗಳೇ ಇರುವುದಿಲ್ಲ.

ಕಿಂಡಿ ಇದ್ದರೆ ಅದರೊಳಗೆ ಕೈ ಇಟ್ಟು ನೋಡಿ. ಒಳಗಡೆ ಅಗಲ, ಹೊರಗಡೆ ಕಿರಿದು, ತಳ ಕೆಳಮುಖವಾಗಿ ಓರೆ ಆಗಿದ್ದರೆ ಅದು ಬಂದೂಕಿನ ಕಿಂಡಿ. ಹಾಗಿದ್ದರೆ ಊರವರು ಚಾಲುಕ್ಯರ ಕಾಲದ್ದು ಅಂದರೂ ನಂಬಬೇಡಿ. ಈಗ ಉಳಿದಿರುವ ಹೆಚ್ಚಿನವು ಆದಿಲ್‌ಶಾಹಿ, ಮರಾಠರ ಕಾಲದವು. ಹಳೆಯ ಕಾವಲು ಜಾಗದ ಮೇಲೇ ಹೊಸದು ಎದ್ದಿರಬಹುದು, ಅದಕ್ಕೆ ಬುಡದ ಕಲ್ಲಿನ ಸಾಲು ಮೇಲಿನದಕ್ಕಿಂತ ಬೇರೆ ಇದೆಯಾ ನೋಡಿ. ಒಳಗೆ ಯಾರಾದರೂ ನಿಧಿ ಆಸೆಗೆ ಗುಂಡಿ ತೋಡಿದ್ದರೆ ದಯವಿಟ್ಟು ಕಲ್ಲು ತುಂಬಿ ಮುಚ್ಚಿಸಿ. ಹುಡೇವಿನಲ್ಲಿ ಕೂತವರ ಹತ್ತಿರ ರೊಟ್ಟಿಗಂಟು ಇತ್ತು, ನಿಧಿ ಎಲ್ಲಿಂದ ಬರಬೇಕು?

ಹೋಗುವುದಾದರೆ ಸುಗ್ಗಿಗೆ ಮೊದಲು, ಜೋಳ ನಿಂತಿರುವಾಗ ಹೋಗಿ. ಒಬ್ಬರು ಕೆಂಪು ಟವೆಲ್ ಹೆಗಲಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಇಳಿಯಲಿ. ನೀವು ಹುಡೇವಿನ ಬುಡದಲ್ಲಿ ನಿಂತು, ಟವೆಲ್ ಎಷ್ಟನೇ ಹೆಜ್ಜೆಗೆ ಮಾಯ ಆಯಿತು ಅಂತ ಎಣಿಸಿ. ಆಮೇಲೆ ಗಟ್ಟಿ ಇರುವ ಕಡೆಯಿಂದ ಜೋಪಾನವಾಗಿ ಮೇಲೆ ಹತ್ತಿ, ಮತ್ತೆ ಎಣಿಸಿ. ಬಾಗಿಲ ಹೊಸ್ತಿಲು ನೆಲದಿಂದ ಎಷ್ಟು ಮೇಲಿದೆ, ಯಾವ ಕಡೆಯ ಅಂಚಿನಿಂದ ಹುಡೇವು ಎಷ್ಟು ದೂರ ಇದೆ, ಈ ಎರಡು ಅಳತೆಯನ್ನೂ ಹಗ್ಗ ಹಿಡಿದು ತೆಗೆದು ಬರೆದು ಕಳಿಸಿದರೆ ಹತ್ತುವ ದಾರಿ ಮೊದಲು ಯಾವ ಕಡೆ ಇತ್ತು ಅಂತ ನಾನು ಇಲ್ಲಿಂದಲೇ ಹೇಳಲು ನೋಡುತ್ತೇನೆ.